ಹೇಳಿದವರ ಹೆಸರು

ದ್ವೀಪದ ಠಾಣೆಗೆ ದೂರು ಬಂದದ್ದು ಬೆಳಿಗ್ಗೆ ಆರೂವರೆಗೆ. ಪ್ರತಿ ಬೇಸಿಗೆ ಇಲ್ಲಿ ಸೇರುವ ಸಾಹಿತ್ಯ, ಚರಿತ್ರೆ, ತತ್ವಶಾಸ್ತ್ರದ ವಿದ್ವಾಂಸರಲ್ಲಿ ಹಿರಿಯರಾದ ಪ್ರಾಧ್ಯಾಪಕರು ಹಿಂದಿನ ಸಂಜೆ ತಿರುಗಾಡಲು ಹೋದವರು ಮರಳಿರಲಿಲ್ಲ. ರಾತ್ರಿಯೆಲ್ಲ ಹುಡುಕಿದ ಮೇಲೆ ಹೆಣ ಜೆಟ್ಟಿಯ ಮೆಟ್ಟಿಲ ಬಳಿ ಸಿಕ್ಕಿತ್ತು.

ಇನ್‌ಸ್ಪೆಕ್ಟರ್ ಪಂಚನಾಮೆ ಬರೆಸಿದರು. ತಲೆಯ ಹಿಂಭಾಗಕ್ಕೆ ಎರಡು ಪೆಟ್ಟು.

"ಜಾರಿ ಬಿದ್ದಿರಬೇಕು ಅಂತಿದಾರೆ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್.

"ಜಾರಿದವರು ಎರಡು ಸಲ ಬೀಳ್ತಾರೇನ್ರೀ?"

ಪ್ರಾಧ್ಯಾಪಕರ ಹೆಂಡತಿ ಅಳಲಿಲ್ಲ. "ಊರುಗೋಲು ಹಿಡ್ಕೊಂಡು ಒಬ್ಬರೇ ಹೋದ್ರು. ಆ ಕೋಲೆಲ್ಲಿ? ಮಧ್ಯಾಹ್ನದ ದೋಣೀಲಿ ಎಲ್ಲರೂ ಹೊರಟುಬಿಡ್ತಾರೆ. ಆಮೇಲೆ ಯಾರನ್ನ ಹುಡುಕ್ತೀಯಮ್ಮ?"

ಆ ಮಾತು ಇನ್‌ಸ್ಪೆಕ್ಟರ್ ಎದೆಗೆ ನಾಟಿತು. ಎಫ್‌ಐಆರ್‌ನಲ್ಲಿ ಕೊಲೆ ಎಂದೇ ದಾಖಲಿಸಿದರು. ದೋಣಿ ತಡೆಯಲು ಮಾತ್ರ ಮೇಲಧಿಕಾರಿಗಳು ಒಪ್ಪಲಿಲ್ಲ. ದೊಡ್ಡವರ ಕೂಟ, ಗಲಾಟೆ ಬೇಡವೆಂದರು.

ವಿದ್ವಾಂಸರು ಹೇಳಿಕೆ ಕೊಡುವುದರಲ್ಲಿ ಧಾರಾಳಿಗಳು. ಒಂದು ಪ್ರಶ್ನೆಗೆ ಒಂದು ಉಪನ್ಯಾಸ. ಬರೆದುಕೊಂಡ ಕಾನ್‌ಸ್ಟೆಬಲ್‌ನ ಕೈ ಸೋತುಹೋಯಿತು. ಚುಟುಕಾಗಿ ಮುಗಿಸಿದವನು ಪ್ರಾಧ್ಯಾಪಕರ ಶಿಷ್ಯನೊಬ್ಬನೇ.

"ಕೊನೇ ಸಲ ನೋಡಿದ್ದು?"

"ನಿನ್ನೆ ಮಧ್ಯಾಹ್ನ, ಊಟದ ಹೊತ್ತಿಗೆ."

"ಆಮೇಲೆ?"

"ರೂಮಲ್ಲೇ ಇದ್ದೆ."

ದೋಣಿ ಬರುವ ಮುಂಚೆ ಸಂತಾಪ ಸಭೆ ನಡೆಯಿತು. ಇನ್‌ಸ್ಪೆಕ್ಟರ್ ಹಿಂದಿನ ಸಾಲಿನಲ್ಲಿ ಕುಳಿತರು. ಈ ಕೂಟದಲ್ಲೊಂದು ಕಟ್ಟುನಿಟ್ಟಿತ್ತು: ಇನ್ನೊಬ್ಬರ ಮಾತನ್ನು ಉಲ್ಲೇಖಿಸಿದರೆ ಯಾರು, ಎಲ್ಲಿ, ಯಾವಾಗ ಹೇಳಿದ್ದೆಂದು ತಿಳಿಸಿಯೇ ಮುಂದೆ ಹೋಗಬೇಕು. ಬೆಳಗಿನಿಂದ ಅದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

ಶಿಷ್ಯ ಎದ್ದು ನಿಂತ.

"'ನಾನು ಬರೆಯೋದು ಇನ್ನೇನೂ ಉಳಿದಿಲ್ಲ.' ಈ ಮಾತು ನನ್ನದಲ್ಲ, ಗುರುಗಳದು. ಜೆಟ್ಟಿ ಮೇಲೆ, ನಿನ್ನೆ ಸಂಜೆ..."

ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ, ಅವರಿಗದು ರೂಢಿ. ಇನ್‌ಸ್ಪೆಕ್ಟರ್ ಎದ್ದರು. ಶಿಷ್ಯನ ಮುಖ ಬಿಳಿಚಿಕೊಂಡಿತು.

ಊರುಗೋಲು ಅವನ ಕೋಣೆಯ ಬೀರುವಿನ ಹಿಂದೆ ಸಿಕ್ಕಿತು. ಹಿಡಿಯ ಸಂದಿನಲ್ಲಿ ರಕ್ತವಿತ್ತು. ಇನ್ನೊಂದು ಪಂಚನಾಮೆ ಬರೆದು ಅವನನ್ನು ಬಂಧಿಸಿದರು. ದೋಣಿ ಉಳಿದವರನ್ನು ಹತ್ತಿಸಿಕೊಂಡು ಹೊರಟುಹೋಯಿತು.

"ಯಾಕೆ ಹೀಗೆ ಮಾಡಿದ್ರಿ?"

"ನಾನು ವರ್ಷಗಟ್ಟಲೆ ಹುಡುಕಿ ತೆಗೆದದ್ದನ್ನ ಅವರು ಪುಸ್ತಕ ಮಾಡಿದ್ರು. ನನ್ನ ಹೆಸರು ಎಲ್ಲೂ ಇಲ್ಲ. ಕೇಳಿದ್ದಕ್ಕೆ, 'ನನ್ನ ಶಿಷ್ಯ ಅಂದ್ಮೇಲೆ ನಿಂಗೆ ಬೇರೆ ಹೆಸರು ಯಾಕೋ' ಅಂತ ನಕ್ಕರು."

ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ತಾನೇ ಕೊಂದವರ ಮಾತನ್ನೂ ಇವನಿಂದ ಅವರ ಹೆಸರು ಹೇಳದೆ ಆಡಲಾಗಲಿಲ್ಲ.

ಹೇಳಿಕೆಯನ್ನು ಅವನಿಗೆ ಓದಿ ಹೇಳಿ, ಕೆಳಗೆ ಪೂರ್ತಿ ಹೆಸರು ಬರೆಯಿರಿ ಎಂದರು. ಅವನು ಬರೆದ. ಬರೆದದ್ದನ್ನು ಬಹಳ ಹೊತ್ತು ನೋಡುತ್ತ ಕುಳಿತ.