ಹಾಲವ್ವನ ತೊಂಬತ್ತು ದಿನಗಳು

ಹಾಲವ್ವ ದೊಣ್ಣೆ ಮೆಣಸಿನ ಗಿಡದ ಮೊಗ್ಗೊಂದನ್ನು ಎಡಗೈ ಬೆರಳ ತುದಿಯಲ್ಲಿ ಹಿಡಿದು, ಚಿಮಟದಿಂದ ಅದರ ಕೇಸರಗಳನ್ನು ಒಂದೊಂದಾಗಿ ಕೀಳುತ್ತಿದ್ದಾಗ ಭುಜದ ಮೇಲಿನ ಬಿಲ್ಲೆ ಸಣ್ಣಗೆ ಮಿನುಗಿತು. ಮೇಲ್ವಿಚಾರಕ ಚನ್ನವೀರ ಹಿಂದೆ ಬಂದು ನಿಂತಿದ್ದ.

"ಹೊಸ ತಪಾಸಣೆಯವ ಸೋಮವಾರ ಬರ್ತಾನ. ಹೂವು ಯಾವುದು, ಮೊಗ್ಗು ಯಾವುದು ಅಂತ ಅವಂಗ ಒಂದೀಟು ಕಲಸಬೇ ಹಾಲವ್ವ."

"ಕಲಸ್ತೀನಿ. ಕಲತ ಮ್ಯಾಲ ನನ್ನ ತಪ್ಪು ಹುಡುಕಾಕ ಬರ್ತಾನೇನು?"

ಸಾಲಿನ ಹೆಂಗಸರೆಲ್ಲ ನಕ್ಕರು. ಚನ್ನವೀರ ನಗಲಿಲ್ಲ.

ಆ ಬಿಲ್ಲೆಯ ಹೆಸರು ತಾರತಮ್ಯಗ್ರಾಹಿ. ಒಂದೇ ಕೆಲಸ ಮಾಡುವವರಲ್ಲಿ ಒಬ್ಬರನ್ನು ಬೇರೆಯಾಗಿ ನಡೆಸಿಕೊಂಡರೆ ಅದು ಗುರುತಿಸಿ ದಾಖಲಿಸುತ್ತದೆ. ಆಡಿದ ಮಾತು, ಮಾತಿನ ದನಿ, ಕೆಲಸದ ಹಂಚಿಕೆ, ಕೊಟ್ಟ ಬಿಡುವು, ಎಲ್ಲವನ್ನೂ ಪಕ್ಕದವರದರೊಡನೆ ಹೋಲಿಸಿ ನೋಡುತ್ತದೆ. ಮೊದಲೆಲ್ಲ ಕೆಲಸಗಾರರ ಬಳಿ ನೋವಿರುತ್ತಿತ್ತು, ಸಾಕ್ಷಿ ಇರುತ್ತಿರಲಿಲ್ಲ. ಈಗ ತೊಂಬತ್ತು ದಿನಗಳ ದಾಖಲೆಯಿದ್ದರೆ ನ್ಯಾಯಾಲಯ ಒಪ್ಪುತ್ತದೆ. ರಾಣೆಬೆನ್ನೂರಿನ ಈ ಬೀಜದ ಕಂಪನಿಯಲ್ಲಿ ಹಾಲವ್ವ ಇಪ್ಪತ್ತೆರಡು ವರ್ಷ ಮಿಶ್ರತಳಿ ಬೀಜಕ್ಕಾಗಿ ಕ್ರಾಸಿಂಗ್ ಮಾಡಿ, ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಾಕಿಸಿ, ಹೂವಿಗೆ ಹೂವು ಕೂಡಿಸಿದ್ದಳು. ತಪಾಸಣೆಯ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದ್ದಳು. ಮೂರು ಸಲವೂ "ಅದು ಗಂಡಸರ ಕೆಲಸ" ಎಂಬ ಉತ್ತರ ಬಂದಿತ್ತು. ಇಂದು ಅವಳ ತೊಂಬತ್ತನೆಯ ದಿನ.

ಊಟದ ಹೊತ್ತಿಗೆ, ಬಿಲ್ಲೆಯನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಮೆಹರುನ್ನಿಸಾ ಹುಲಗೂರ ದಾಖಲೆ ಬಿಚ್ಚಿ ನೋಡಲು ಬಂದರು. ಇಬ್ಬರೂ ಹಸಿರುಮನೆಯ ಹಿಂದೆ ಗೊಬ್ಬರದ ಚೀಲಗಳ ಮೇಲೆ ಕುಳಿತರು.

"ಮೊದಲ ರೊಟ್ಟಿ ತಿನ್ರಿ ಬಾಯಾರ. ಕಾಯ್ದೆ ಎಲ್ಲಿಗೂ ಓಡಿ ಹೋಗೂದಿಲ್ಲ."

ಮೆಹರುನ್ನಿಸಾ ರೊಟ್ಟಿ ಮುರಿಯುತ್ತ ಹೇಳಿದರು. "ನಿಮ್ಮ ಮುಂದ ಮೂರು ದಾರಿ ಅದಾವ ಯಕ್ಕಾ. ಒಂದು, ಕಂಪನಿಯ ದೂರು ಸಮಿತಿ."

"ಅದರ ಅಧ್ಯಕ್ಷ ಮಾಲಕರ ಹೆಂಡತಿ ತಮ್ಮ."

"ಹಂಗಾದ್ರ ಕಾರ್ಮಿಕ ಅಧಿಕಾರಿ ಮುಂದ ರಾಜಿ. ಅಲ್ಲೂ ಬಗೀಹರೀಲಿಲ್ಲಂದ್ರ ನ್ಯಾಯಾಲಯ. ಕಡೀ ಸಲ ಹುದ್ದೆ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗ ದೂರು ಕೊಡಬೇಕು, ನಿಮಗಿನ್ನೂ ಏಳು ತಿಂಗಳು ಐತಿ. ದೂರು ಕೊಟ್ಟದ್ದಕ್ಕ ಕೆಲಸದಿಂದ ತಗದ್ರ ಅದೂ ಅಪರಾಧ."

"ನಾ ಗೆಲ್ತೀನೇನ್ರಿ?"

ಮೆಹರುನ್ನಿಸಾ ಕೈಯಲ್ಲಿದ್ದ ಪರದೆಯನ್ನು ಅವಳತ್ತ ತಿರುಗಿಸಿದರು. ಕೆಟ್ಟದಾಗಿ ನಡೆಸಿಕೊಂಡದ್ದರ ಗೆರೆಗಳು ಕೆಂಪಾಗಿದ್ದವು. ಚನ್ನವೀರನವು, ಕಚೇರಿಯವು, ಬೇಕಾದಷ್ಟಿದ್ದವು. ಅವುಗಳ ಪಕ್ಕದಲ್ಲಿ ದಿನವೂ ಒಂದು ಹಸಿರು ಗೆರೆ.

"ಇದು ನಿಮ್ಮ ಬಾಜೂ ಸಾಲಿನ ಗೆಳತಿ ಕೊಟ್ರವ್ವಂದು. ಅಕಿನೂ ನಿಮ್ಮನ್ನ ಬ್ಯಾರೆ ನಡಸಿಕೊಳ್ತಾಳ. ದಿನಾ ಮೂವತ್ತು ನಲವತ್ತು ಹೂವಿಗೆ ತಾನ ಕ್ರಾಸಿಂಗ್ ಮಾಡಿ ನಿಮ್ಮ ನೀಲಿ ದಾರ ಕಟ್ತಾಳ. ಬ್ಯಾರೆ ಯಾರಿಗೂ ಹಂಗ ಮಾಡೂದಿಲ್ಲ." ಮೆಹರುನ್ನಿಸಾ ಪೆಚ್ಚಾಗಿ ನಕ್ಕರು. "ತಿರಸ್ಕಾರ ಹಿಡಿಯೂ ಯಂತ್ರ ಮಾಡೀನಿ ಅನ್ಕೊಂಡಿದ್ದೆ. ಅದಕ್ಕ ಪ್ರೀತಿನೂ ತಾರತಮ್ಯ ಅನ್ನಿಸೇತಿ."

ಹಾಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ಮರಳಿ ಇಟ್ಟಳು. ಕೂಡಿಸಿದ ಹೂವಿಗೆ ಪ್ರತಿಯೊಬ್ಬಳೂ ತನ್ನ ಬಣ್ಣದ ದಾರ ಕಟ್ಟಬೇಕು. ಸಂಜೆಯ ಎಣಿಕೆಯಲ್ಲಿ ನೀಲಿಯೇ ಮುಂದಿರುತ್ತಿತ್ತು, ಆ ಹೆಮ್ಮೆಯಲ್ಲಿ ಅವಳು ಮನೆಗೆ ಹೋಗುತ್ತಿದ್ದಳು. ಎರಡು ವರ್ಷದಿಂದ ಹತ್ತಿರದ್ದು ಮಂಜಾಗುತ್ತಿರುವುದು ತನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ಕಳೆದ ವರ್ಷ ಕನ್ನಡಕ ಹಾಕಿಕೊಂಡು ಬಂದ ಅದೇ ಸಾಲಿನ ಯಲ್ಲವ್ವನನ್ನು ವಾರದೊಳಗೆ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು.

"ಆ ಹಸರು ಗೆರಿ ಅಷ್ಟು ಅಳಿಸಿಬಿಡ್ರಿ."

"ಅರ್ಧ ದಾಖಲೆ ಸಾಕ್ಷಿ ಆಗೂದಿಲ್ಲ. ಕೊಟ್ರ ಪೂರಾ ಕೊಡಬೇಕು. ಆವಾಗ ಕೊಟ್ರವ್ವನ ಕೆಲಸ ಹೋಗ್ತೈತಿ, ನಿಮ್ಮ ಎಣಿಕೀನೂ ಸುಳ್ಳು ಅಂತಾರ. ಇಲ್ಲಂದ್ರ ಎಲ್ಲಾ ಅಳಿಸಿ ಮತ್ತ ಮೊದಲಿಂದ. ದಾಖಲೆ ನಿಮ್ಮದು, ಅಳಸೂ ಹಕ್ಕು ನಿಮ್ಮೊಬ್ಬರದ."

ಮಧ್ಯಾಹ್ನ ಸಾಲಿಗೆ ಮರಳಿದಾಗ ಕೊಟ್ರವ್ವ ಕಾದಿದ್ದಳು. "ಏನಂದ್ರಬೇ ಬಾಯಾರು? ಗೆಲ್ತೀಯಂತೇನು?"

"ಗೆಲ್ತೀನಂತ."

"ತಪಾಸಣೆಯಾಕಿ ಆಗಿ ನನ್ನ ಸಾಲಿನ್ಯಾಗ ತಪ್ಪು ಹುಡುಕಿದಿ ಅಂದ್ರ ನೋಡು, ನಾ ದಿನಾ ತರೂ ಚಟ್ನಿಪುಡಿ ಬಂದ್!"

ಸ್ವಲ್ಪ ಹೊತ್ತಿನ ಮೇಲೆ ಓರೆಗಣ್ಣಿಗೆ ಬಿತ್ತು: ಕೊಟ್ರವ್ವನ ಕೈ ಮೆಲ್ಲಗೆ ಈಚೆ ಗಿಡಕ್ಕೆ ಚಾಚಿ, ಹೂವೊಂದಕ್ಕೆ ಪರಾಗ ತಾಕಿಸಿ, ನೀಲಿ ದಾರ ಸುತ್ತುತ್ತಿತ್ತು. ನಿನಗ್ಯಾರು ಕೇಳಿದ್ರು ಎಂದು ಬೈಯಬೇಕೆನಿಸಿತು. ಹಾಗೆಯೇ ಅವಳ ಕೈ ಹಿಡಿದುಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಹಾಲವ್ವ, ಆ ಕೈ ಕೆಲಸ ಮುಗಿಸುವ ತನಕ, ಬೇರೆ ಕಡೆ ಮುಖ ತಿರುಗಿಸಿ ನಿಂತಳು.

ಕೆಲಸ ಬಿಟ್ಟಾಗ ಬಚ್ಚಲಿಗೆ ಹೋಗಿ, ಬಿಲ್ಲೆಯ ಹಿಂಬದಿಯ ಅಳಿಸುವ ಗುಂಡಿಯನ್ನು ಬೆಳಕು ಆರುವವರೆಗೆ ಒತ್ತಿ ಹಿಡಿದಳು. ತೊಂಬತ್ತು ದಿನಗಳು ಹೋದವು. ಇನ್ನು ತೊಂಬತ್ತು ಕಳೆದರೂ ನಾಲ್ಕು ತಿಂಗಳು ಮಿಗುತ್ತವೆ. ಈ ಸಲದ ಹೂವುಗಳೆಲ್ಲ ತಾನೇ ಕೂಡಿಸಿದವಾಗಿರಬೇಕು, ಕಣ್ಣಿಗೆ ನಿಚ್ಚಳ ಕಂಡವಾಗಿರಬೇಕು. ಕಣ್ಣು ನೋಡಿ ಮನೆಗೆ ಅಟ್ಟುವುದಾದರೆ ಅಟ್ಟಲಿ, ಆ ಮಾತನ್ನೂ ಬಿಲ್ಲೆ ಬರೆದುಕೊಳ್ಳಲಿ.

ಬಸ್ ನಿಲ್ದಾಣದಲ್ಲಿ ಕೊಟ್ರವ್ವ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿದಳು. "ಹತ್ತಬೇ, ಜಾಗ ಹಿಡದೀನಿ!"

"ನೀ ನಡಿ. ನಂಗ ಪ್ಯಾಟ್ಯಾಗ ಸ್ವಲ್ಪ ಕೆಲಸೈತಿ."

"ಏನಬೇ ಅಂಥಾ ಕೆಲಸ?"

"ಉಪ್ಪು ತರೂದೈತಿ," ಎಂದಳು ಹಾಲವ್ವ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದು, ರಸ್ತೆ ದಾಟಿ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದಳು.