ಹೊನ್ನಮ್ಮನ ಹಕಾರ

ಪ್ರಾರ್ಥನೆ ಮುಗಿದು ಮಕ್ಕಳು ಕುಳಿತ ಕೂಡಲೇ ಮೂರನೇ ತರಗತಿಯ ಇಪ್ಪತ್ತಾರು ಬಳೆಗಳು ಒಮ್ಮೆ ಮಿನುಗಿದವು. ಇಪ್ಪತ್ತೈದು ಹಸಿರಾದವು. ಕಿಟಕಿಯ ಪಕ್ಕದ ಒಂದು ಮಾತ್ರ ಕೆಂಪಾಗಿಯೇ ಉಳಿಯಿತು.

"ಇವತ್ತೂನಾ ಹೊನ್ನಮ್ಮ?" ಎಂದು ರೇಚಣ್ಣ ಮೇಷ್ಟ್ರು ಕೇಳಿದರು.

ಹುಡುಗಿ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

ಈ ಬಳೆಗೆ ನೆನಪುಬಳೆ ಎಂದು ಹೆಸರು. ಕಂಡುಹಿಡಿದವರು ಡಾಕ್ಟರ್ ಅನಸೂಯ ಹೆಬ್ಬಾರ್. ಕಲಿತ ಪಾಠ ಮನಸ್ಸಿನಿಂದ ಒಂದೇ ಏಟಿಗೆ ಮಾಯವಾಗುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ಇನ್ನೇನು ಜಾರಿಹೋಗಬೇಕು ಅನ್ನುವ ಗಳಿಗೆಗೆ ಹೆಬ್ಬಾರರು 'ಮರೆವಿನಂಚು' ಎಂದು ಹೆಸರಿಟ್ಟರು. ಅದಕ್ಕಿಂತ ಮುಂಚೆ ಮಾಡಿಸಿದ ಅಭ್ಯಾಸ ದಂಡ, ಆಮೇಲೆ ಮಾಡಿಸಿದರೆ ಮೊದಲಿನಿಂದ ಕಲಿಸಬೇಕು. ಸರಿಯಾಗಿ ಅಂಚಿನಲ್ಲಿ ಒಂದು ಸಲ ಬರೆಸಿದರೆ ಹತ್ತು ಸಲ ಬರೆಸಿದ್ದಕ್ಕೆ ಸಮ. ಮಗುವಿನ ನಾಡಿ, ಬರೆಯುವಾಗ ಬೆರಳು ತಡವರಿಸುವ ರೀತಿ, ದನಿಯ ಅನುಮಾನ ಇವನ್ನೆಲ್ಲ ಗಮನಿಸಿ ಬಳೆ ಆ ಅಂಚನ್ನು ಹಿಡಿಯುತ್ತಿತ್ತು. ಆಗ ತನ್ನ ಪುಟ್ಟ, ಶುಭ್ರವಾದ ದನಿಯಲ್ಲಿ ಆ ಮಗುವಿಗೆ ಬೇಕಾದಷ್ಟೇ ಹೋಮ್‌ವರ್ಕ್ ಕೊಡುತ್ತಿತ್ತು. ದಿನಕ್ಕೆ ಹನ್ನೊಂದು ನಿಮಿಷ, ಅಷ್ಟೆ.

ಅದಕ್ಕೆ ಇನ್ನೊಂದು ಗುಣವೂ ಇತ್ತು. ಒಂದೇ ಮಾತಿಗೆ ಮನಸ್ಸಿನಲ್ಲಿ ಸರಿ, ತಪ್ಪು ಎರಡೂ ನೆನಪುಗಳಿದ್ದರೆ ಅವು ಪೈಪೋಟಿಗೆ ಬೀಳುತ್ತವೆ. ಸರಿಯನ್ನು ನೆನೆದಷ್ಟೂ ತಪ್ಪು ಬತ್ತುತ್ತದೆ. ಬಳೆ ಇದನ್ನು ಲೆಕ್ಕವಿಟ್ಟು ಮಾಡಿಸುತ್ತಿತ್ತು.

ಮೊದಮೊದಲು ರೇಚಣ್ಣ ಮೇಷ್ಟ್ರು ಇದನ್ನು ನಂಬಿರಲಿಲ್ಲ. ಮೂವತ್ತೊಂದು ವರ್ಷ "ತಪ್ಪಿದ್ದನ್ನ ಹತ್ತು ಸಲ ಬರ್ಕೊಂಡು ಬಾ" ಎಂದೇ ಪಾಠ ಮಾಡಿದ ಮನುಷ್ಯ. ಮಕ್ಕಳು ಅಳುತ್ತ ಬರೆದು ತಂದ ಪುಟಗಳಿಗೆ ಸರಿಯಾಗಿ ಓದದೆಯೇ ಕೆಂಪು ಗೀಟು ಎಳೆದದ್ದೂ ಉಂಟು. ಬಳೆ ಬಂದ ವರ್ಷ ಮಕ್ಕಳು ಸಂಜೆ ಆಟವಾಡಿ, ಬೆಳಿಗ್ಗೆ ನಗುತ್ತ ಬಂದು ಹದಿನೇಳರ ಮಗ್ಗಿ ಒಪ್ಪಿಸಿದಾಗ ಅವರು ತಮ್ಮ ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ ಸುಮ್ಮನಾದರು.

ಹೊನ್ನಮ್ಮನಿಗೂ ಮಗ್ಗಿ ಬರುತ್ತಿತ್ತು, ಒತ್ತಕ್ಷರ ಬರುತ್ತಿತ್ತು. ಬಾರದ್ದು ಹಕಾರ ಒಂದೇ. ಹೂವು ಅವಳ ಬರವಣಿಗೆಯಲ್ಲಿ ಊವು, ಹಾಲು ಆಲು, ಹಕ್ಕಿ ಅಕ್ಕಿ. ಬಳೆ ಸಂಜೆ ತಿದ್ದಿಸಿದರೆ ಬೆಳಿಗ್ಗೆ ತಪ್ಪು ತಾಜಾ ಆಗಿ ಹಾಜರು. ಇಡೀ ಜಿಲ್ಲೆಯಲ್ಲಿ ಬಳೆಗೆ ಬಗ್ಗದ ಮಗು ಇವಳೊಬ್ಬಳೇ ಎಂದು ವರದಿ ಹೋಯಿತು. ವರದಿ ನೋಡಿ ಹೆಬ್ಬಾರರು ತಾವೇ ಮೈಸೂರಿನ ಈ ಶಾಲೆಗೆ ಬಂದರು.

ಹುಡುಗಿಯ ತಂದೆ ಮರಿಸ್ವಾಮಿ ಸಿಟಿ ಬಸ್ಸಿನ ಡ್ರೈವರು. ಖಾಕಿ ಅಂಗಿಯಲ್ಲೇ ಶಾಲೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತಿದ್ದ.

"ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರೆಯೆ?" ಹೆಬ್ಬಾರರು ಕೇಳಿದರು.

"ಮಾತಾಡ್ತಿದ್ಲು ಮೇಡಂ, ನಮ್ಮನೆಯೋಳು ತಾಯಮ್ಮ. ಹನೂರು ಕಡೆಯೋಳು. ಹೋದ ವರ್ಷ ತೀರ್ಕೊಂಡ್ಲು." ಮರಿಸ್ವಾಮಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಮ್ ಬೀದಿಯೋರು ಆಡ್ಕೊಂಡು ನಗೋರು. 'ಅಕ್ಕಿ ಕೂಗ್ತಾ ಅದ ಕೇಳಿ' ಅಂದ್ರೆ, 'ಯಾವಕ್ಕಿ ತಾಯಮ್ಮ, ದಪ್ಪಕ್ಕಿನೋ ಸಣ್ಣಕ್ಕಿನೋ' ಅನ್ನೋರು. ಅವತ್ತಿಂದ ಹೊರಗಡೆ ಬಾಯೇ ಬಿಡ್ತಿರಲಿಲ್ಲ. ಫೋನ್‌ನಲ್ಲಿ ಅವಳ ವಿಡಿಯೊ ಎಷ್ಟೋ ಇವೆ ಮೇಡಂ, ಒಂದರಲ್ಲೂ ಮಾತಿಲ್ಲ. ಬರೀ ನಗು."

ಹೆಬ್ಬಾರರು ಹುಡುಗಿಯ ಎದುರು ನೆಲದ ಮೇಲೆಯೇ ಕುಳಿತರು. ಅವರು ಕೆಟ್ಟವರಲ್ಲ. ಮಗುವಿನ ಕಷ್ಟವನ್ನು ಅರ್ಥಮಾಡಿಕೊಳ್ಳದೆ ಎದ್ದುಹೋಗುವ ಜಾಯಮಾನವೇ ಅವರದಲ್ಲ.

"ಬಳೆ ಹೇಳಿಕೊಟ್ಟದ್ದನ್ನು ನೀನು ಮರೆಯುವುದು ಹೇಗೆ ಪುಟ್ಟಿ? ನನಗೆ ಮಾತ್ರ ಹೇಳು."

ಹೊನ್ನಮ್ಮ ಅಪ್ಪನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ನಾನೂ ಓಂವರ್ಕ್ ಮಾಡ್ತೀನಿ. ನಂದೇ ಬೇರೆ" ಎಂದಳು.

ದಿನಾ ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ ಅವಳು ಅಮ್ಮನ ಮಾತುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ಒಟ್ಟು ಹದಿನಾಲ್ಕು ಮಾತು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಯಾವ ವಿಜ್ಞಾನಿಯೂ ಹೇಳಿಕೊಡದೆ, ಎಂಟು ವರ್ಷದ ಮಗು ಮರೆವಿನಂಚನ್ನು ತಾನೇ ಕಂಡುಕೊಂಡಿತ್ತು.

"ಜೋರಾಗಿ ಹೇಳುತ್ತೀಯಾ? ನನಗೂ ಕೇಳಬೇಕು" ಎಂದರು ಹೆಬ್ಬಾರರು.

ಹುಡುಗಿ ಕಣ್ಣು ಮುಚ್ಚಿದಳು. "ಒನ್ನಿ, ಆಲು ಕುಡ್ದು ಓಗು ಮಗ. ಒನ್ನಿ, ಊವು ಮುಡ್ಕೊ. ಉಸಾರು ಕಣವ್ವ. ಒಟ್ಟೆ ಅಸಿತದಾ?" ಹದಿನಾಲ್ಕೂ ಹೇಳಿದಳು. ಮರಿಸ್ವಾಮಿ ಗೋಡೆಯ ಕಡೆಗೆ ತಿರುಗಿಕೊಂಡ. ಅವನ ಹೆಂಡತಿಯ ದನಿಯೇ ಮಗಳ ಮನಸ್ಸಿನಲ್ಲಿ ಇಷ್ಟು ದಿನ ಇತ್ತು, ಅವನಿಗದು ತಿಳಿದಿರಲಿಲ್ಲ.

ಹೆಬ್ಬಾರರ ಕಣ್ಣೂ ತುಂಬಿತು. "ಇವಳ ತಪ್ಪನ್ನು ತಿದ್ದುವುದು ಬೇಡ ಮೇಷ್ಟ್ರೇ. ಆಫೀಸಿಗೆ ಹೋದ ಕೂಡಲೇ ಇವಳ ಬಳೆಯಿಂದ ಹಕಾರದ ಪಾಠವನ್ನೇ ತೆಗೆಸುತ್ತೇನೆ" ಎಂದು ಮಾತು ಕೊಟ್ಟು ಹೊರಟರು.

ಆದರೆ ಅಷ್ಟು ಹೊತ್ತೂ ಬಳೆ ಹುಡುಗಿಯ ಕೈಯಲ್ಲೇ ಇತ್ತು. ಅದನ್ನು ಬಿಚ್ಚಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಠ್ಯಪುಸ್ತಕದ ಹೂವು, ಹಾಲುಗಳನ್ನು ತಿದ್ದಿ ತಿದ್ದಿ ಸೋತಿದ್ದ ಬಳೆಗೆ ತಪ್ಪಿನ ಬೇರು ಅವತ್ತು ಸಿಕ್ಕಿತು. ಮಗು ತನ್ನ ಬಾಯಿಂದಲೇ, ಸ್ಪಷ್ಟವಾಗಿ, ಹದಿನಾಲ್ಕು ವಾಕ್ಯಗಳಲ್ಲಿ ಒಪ್ಪಿಸಿಬಿಟ್ಟಿತ್ತು.

ಆ ಸಂಜೆಯ ಹೋಮ್‌ವರ್ಕ್ ಬಂತು: ಹೊನ್ನಿ, ಹಾಲು ಕುಡಿದು ಹೋಗು ಮಗ.

ಮರಿಸ್ವಾಮಿಗೆ ಬಳೆಯ ಒಳಗುಟ್ಟು ಏನು ಗೊತ್ತು? ದೊಡ್ಡ ಮೇಡಂ ತನ್ನ ಹೆಂಡತಿಯ ಮಾತನ್ನೇ ಪಾಠ ಮಾಡಿ ಕಳಿಸಿದ್ದಾರೆ ಎಂದುಕೊಂಡ. ಎಂದೂ ಮಗಳ ಓದಿಗೆ ಕೂರದವನು ಡ್ಯೂಟಿ ಬದಲಾಯಿಸಿಕೊಂಡು ಪ್ರತಿ ಸಂಜೆ ಪಕ್ಕದಲ್ಲಿ ಕುಳಿತ. "ಹೇಳವ್ವ, ಅಮ್ಮ ಏನಂತಿದ್ಲು? ಇನ್ನೊಂದ್ಸಲ ಹೇಳು" ಎಂದು ಪ್ರೀತಿಯಿಂದ ಹೇಳಿಸಿದ. ಅಪ್ಪ ಪಕ್ಕದಲ್ಲಿ ಕೂರುವುದು ಹುಡುಗಿಗೂ ಹಿತವಾಗಿತ್ತು. ಅವಳು ಬೇಡ ಅನ್ನಲಿಲ್ಲ.

ಅತ್ತ ಆಫೀಸಿಗೆ ಹೋದ ಹೆಬ್ಬಾರರಿಗೆ ಒಂದರ ಹಿಂದೊಂದು ಸಭೆ, ಮಂತ್ರಿಗಳ ಭೇಟಿ, ಆಮೇಲೆ ಜ್ವರ. ನಾಡಿನ ಮಕ್ಕಳ ಮರೆವಿಗೆ ಮದ್ದು ಕಂಡುಹಿಡಿದವರು ಇದೊಂದನ್ನು ಮರೆತರು.

ಹೊನ್ನಮ್ಮನ ಬಳೆ ಇನ್ನೂ ದಿನವೂ ಕೆಂಪಾದಾಗ ಮೇಷ್ಟ್ರು, ಆಫೀಸಿನ ಕೆಲಸ ನಿಧಾನ ಎಂದುಕೊಂಡರು. ಇಪ್ಪತ್ತು ದಿನದ ನಂತರ ಒಂದು ಬೆಳಿಗ್ಗೆ ಇಪ್ಪತ್ತಾರು ಬಳೆಗಳೂ ಹಸಿರಾದವು. ಮಕ್ಕಳು ಚಪ್ಪಾಳೆ ತಟ್ಟಿದರು. ರೇಚಣ್ಣ ಮೇಷ್ಟ್ರು ಹೊನ್ನಮ್ಮನ ಪುಸ್ತಕ ತೆರೆದರು: ಪುಟದ ತುಂಬ 'ಹೊನ್ನಿ, ಹಾಲು ಕುಡಿದು ಹೋಗು ಮಗ'. ಮಕ್ಕಳನ್ನು ಆಟಕ್ಕೆ ಬಿಟ್ಟು ಹೆಬ್ಬಾರರಿಗೆ ಫೋನು ಮಾಡಿದರು.

ಹೆಬ್ಬಾರರು ಫೋನು ಹಿಡಿದೇ ಹೊನ್ನಮ್ಮನ ಬಳೆಯ ಲೆಕ್ಕ ತೆಗೆದು ನೋಡಿದರು. "ಅಯ್ಯೋ, ನನ್ನಿಂದ ಎಂಥ ತಪ್ಪಾಯಿತು ಮೇಷ್ಟ್ರೇ" ಎಂದರು ಕೊನೆಗೆ.

"ವಾಪಸ್ ತರೋಕೆ ಆಗಲ್ವಾ ಮೇಡಂ?"

"ಬತ್ತಿದ ನೆನಪನ್ನು ಹುಟ್ಟಿಸುವುದು ನನಗೆ ಗೊತ್ತಿಲ್ಲ. ಬಳೆ ಮಾಡಿದ್ದು ಮರೆಯದಿರಲಿ ಅಂತ." ಅವರು ಅಳುತ್ತಿದ್ದರು.

ಮೇಷ್ಟ್ರು ತರಗತಿಗೆ ಮರಳಿದಾಗ ಹೊನ್ನಮ್ಮ ಆಟಕ್ಕೆ ಹೋಗದೆ ತನ್ನ ಜಾಗದಲ್ಲೇ ಕುಳಿತಿದ್ದಳು.

"ಸಾರ್, ಹದಿನಾಲ್ಕೂ ನೆನಪಿದೆ" ಎಂದಳು. "ಒಂದೂ ಮರ್ತಿಲ್ಲ. ಆದ್ರೆ ಅಮ್ಮ ಈಗ ಬಳೆ ಥರ ಮಾತಾಡ್ತಾರೆ."

ರೇಚಣ್ಣ ಮೇಷ್ಟ್ರೂ ಹನೂರು ಕಡೆಯವರೇ. ಇದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಆಲು, ಊವು ಅಂದದ್ದಕ್ಕೆ ಬೆತ್ತದ ಏಟು ತಿಂದು, ಪುಟಗಟ್ಟಲೆ ಬರೆದು ಹಕಾರ ಕಲಿತವರು. ಐವತ್ತು ವರ್ಷದಿಂದ ಬಾಯಿ ತಪ್ಪಿಯೂ ಅದನ್ನು ಆಡಿರಲಿಲ್ಲ. ಅವರು ಬಾಗಿಲು ಮುಂದೆ ಮಾಡಿ ಬಂದು ಹುಡುಗಿಯ ಬೆಂಚಿನ ತುದಿಯಲ್ಲಿ ಕುಳಿತರು. ಗಂಟಲು ಸರಿಮಾಡಿಕೊಂಡರು.

"ಒನ್ನಿ" ಎಂದರು. "ಒನ್ನಿ, ಆಲು ಕುಡ್ದು ಓಗು ಮಗ."

ಹುಡುಗಿ ಕತ್ತು ಓರೆ ಮಾಡಿ ಕೇಳಿದಳು. ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದಳು. ಮೇಷ್ಟ್ರು ಇನ್ನೊಮ್ಮೆ ಹೇಳಿದರು. ಅವಳು ಅವರಿಗೆ ಬೇಜಾರಾಗಬಾರದೆಂದು ಮೆಲ್ಲಗೆ ತಲೆ ಅಲ್ಲಾಡಿಸಿದಳು.

"ಹಾಗಲ್ಲ ಸಾರ್" ಎಂದಳು. "ಹೊನ್ನಿ."

ಬಳೆ ಹಸಿರಾಗಿ ಮಿನುಗಿ, ಸರಿಯಾಗಿದೆ ಎಂದಿತು.