ಬಟ್ಟಲಲ್ಲಿ ಉಳಿದ ಆರು ಗುಂಡಿಗಳು

ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಬಿಟ್ಟಿತು.

ಮೊದಲು ಫ್ಯಾನು ನಿಂತಿತು. ಆಮೇಲೆ ದೀಪ ಹೋಯಿತು. ಆಮೇಲೆ ತಲೆಯ ಮೇಲೆಲ್ಲೋ ಹಲ್ಲು ಕಡಿದಂಥ ಸದ್ದು... ಕರ್ರ್... ಕರ್ರ್...

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಬಾಗಿಲ ಸಂದಿಯಲ್ಲಿ ಕಬ್ಬಿಣದ ಸಲಾಕೆಯೊಂದು ತೂರಿಬಂತು. ಅದರ ಹಿಂದೆ ಬೆಳಕಿನ ಗೆರೆ. ಆ ಬೆಳಕಿನಲ್ಲಿ ಗ್ರೀಸು ಮೆತ್ತಿದ ಒಂದು ಕೈ!

"ಕೈ ಕೊಡಿ ಮೇಡಂ!"

"ಹಗ್ಗ ತುಂಡಾಗಲ್ಲ ತಾನೆ?"

"ಹಗ್ಗ ಗಟ್ಟಿಯಿದೆ."

"ಗಟ್ಟಿಯಿದ್ರೆ ಯಾಕೆ ನಿಂತಿತು?"

"ಗಟ್ಟಿಯಿರೋದಕ್ಕೇ ನಿಂತಿದೆ. ಇಲ್ಲದಿದ್ರೆ ನಿಲ್ತಾನೇ ಇರ್ಲಿಲ್ಲ, ನೇರ ನೆಲಕ್ಕೇ!"

ಇಂಥ ಹೊತ್ತಲ್ಲೂ ತಮಾಷೆ! ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕೈ ಚಾಚಿದಳು. ಒಂದೇ ಎಳೆತಕ್ಕೆ ಅವನು ಅವಳನ್ನು ಮೂರನೇ ಮಹಡಿಯ ನೆಲಕ್ಕೆ ತಂದು ನಿಲ್ಲಿಸಿದ. ಆದರೆ ಕೈ ಬಿಡಲಿಲ್ಲ.

"ಏನಿದು... ಇಷ್ಟು ಬಿಸಿ? ಜ್ವರಾನಾ?"

"ಇಲ್ಲ. ನನ್ನ ಕೈ ಹೀಗೇ."

ಅವನ ಕಣ್ಣು ಅವಳ ಬಿಳಿ ಕೋಟಿನ ಮೇಲೆ, ಅಲ್ಲಿಂದ ಹಜಾರದ ಕೊನೆಯಲ್ಲಿದ್ದ 'ರೇಕಿ ಕೇಂದ್ರ' ಎಂಬ ಬೋರ್ಡಿನ ಮೇಲೆ ಹರಿಯಿತು. ಕೆಂಡ ಮುಟ್ಟಿದವನಂತೆ ಕೈ ಬಿಟ್ಟ.

"ಓಹೋ... ಕೈಯಿಟ್ಟು ಕಾಯಿಲೆ ಓಡಿಸೋರು ನೀವೇನಾ? ಲಿಫ್ಟಿಗೂ ಒಂಚೂರು ಕೈ ಇಡಬಾರದಿತ್ತಾ? ನಂಗೆ ಮೂರು ಮಹಡಿ ಹತ್ತೋದು ತಪ್ತಿತ್ತು!"

"ಲಿಫ್ಟಿಗೆ ಬೇಕಾದ್ರೆ ಇಡಬಹುದು. ಕೊಬ್ಬಿಗೆ ಮಾತ್ರ ಆಗಲ್ಲ!"

ಅವನು ನಕ್ಕುಬಿಟ್ಟ. ಗ್ರೀಸು ಬಳಿದ ಮುಖದಲ್ಲಿ ಹಲ್ಲು ಎಷ್ಟು ಬೆಳ್ಳಗೆ ಕಂಡವೆಂದರೆ, ಅವಳು ಕಣ್ಣು ತಪ್ಪಿಸಬೇಕಾಯಿತು. ಆದರೆ ಮರುಕ್ಷಣ ಅವನು ಲಿಫ್ಟಿನ ಕತ್ತಲ ಬಾವಿಗೆ ಕಿವಿಗೊಟ್ಟು ನಿಂತ. ನಗು ಆರಿಹೋಗಿತ್ತು.

"ಈ ಸದ್ದು ಒಂದು ತಿಂಗಳಿಂದ ಬರ್ತಿತ್ತಂತೆ. ಎಲ್ಲರಿಗೂ ಕೇಳಿಸಿದೆ. ಒಬ್ರೂ ಬಾಯಿ ಬಿಟ್ಟಿಲ್ಲ. ನನ್ನ ಕೆಲಸದಲ್ಲಿ ಸದ್ದು ಕೇಳಿಯೂ ಸುಮ್ನಿದ್ರೆ ಜನ ಸಾಯ್ತಾರೆ ಮೇಡಂ."

ಆ ಮಾತು ತನ್ನ ಬೆನ್ನು ಹತ್ತಿ ಬರಲಿದೆ ಎಂದು ಅವಳಿಗಾಗ ಏನು ಗೊತ್ತು!

*

ಕೇಂದ್ರ ಅವಳ ಚಿಕ್ಕಮ್ಮನದು. ತಾಯಿಯಿಲ್ಲದ ಅವಳನ್ನು ಸಾಕಿದ್ದೂ ಚಿಕ್ಕಮ್ಮನೇ, ಕೈಯಿಡುವುದನ್ನು ಕಲಿಸಿದ್ದೂ ಚಿಕ್ಕಮ್ಮನೇ. ಎದುರಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹೊಸಬರಿಗೆ ರೇಕಿಯ ಪರಿಚಯ ಹೇಳುವುದು ಅವಳ ಪಾಲಿನ ಕೆಲಸ.

ಆ ಭಾನುವಾರ ಹೊಸಬರ ಸಾಲಿನಲ್ಲಿ ಅವನು! ಪಕ್ಕದಲ್ಲಿ ಬಲಭುಜ ಹಿಡಿದುಕೊಂಡು ಕೂತಿದ್ದ ಒಬ್ಬ ಹೆಂಗಸು.

"ನಾನು ಇವನ ಅಕ್ಕ, ಟೈಲರು," ಎಂದಳು ಆಕೆ. "ಇವನನ್ನ ಹೊತ್ತು ಬೆಳೆಸಿದ ಭುಜ ಇದು, ಈಗ ನೋಯ್ತಿದೆ. ಇವನ ಹೆಸರು ಗುಡುಗು ಅಂತ ಇಟ್ಕೋ ಪುಟ್ಟಾ. ಮಳೆ ಇಲ್ಲ, ಬರೀ ಸದ್ದು!"

"ಅಕ್ಕಾ!"

"ನೋಡಿದ್ಯಾ? ಗುಡುಗಿತು."

ಅವಳು ನಗು ನುಂಗಿಕೊಂಡು ಶುರು ಮಾಡಿದಳು.

"'ರೇ' ಅಂದ್ರೆ ಎಲ್ಲೆಲ್ಲೂ ತುಂಬಿರೋದು. 'ಕಿ' ಅಂದ್ರೆ ಪ್ರಾಣಶಕ್ತಿ. ನೂರು ವರ್ಷದ ಹಿಂದೆ ಜಪಾನಿನಲ್ಲಿ ಉಸುಯಿ ಅಂತ ಒಬ್ಬರಿದ್ದರು. ಕುರಾಮ ಅನ್ನೋ ಬೆಟ್ಟ ಹತ್ತಿ ಇಪ್ಪತ್ತೊಂದು ದಿನ ಉಪವಾಸ ಕೂತರು. ದಿನ ತಪ್ಪದಿರಲಿ ಅಂತ ಇಪ್ಪತ್ತೊಂದು ಕಲ್ಲು ಮುಂದಿಟ್ಕೊಂಡು ದಿನಕ್ಕೊಂದು ಎಸೀತಿದ್ದರಂತೆ. ಕೊನೇ ದಿನ ಒಂದು ಬೆಳಕು ಬಂದು ಹಣೆಗೆ ಬಡೀತಂತೆ..."

"ಇಪ್ಪತ್ತೊಂದು ದಿನ ಊಟ ಬಿಟ್ರೆ ನಂಗೂ ಬಡಿಯುತ್ತೆ."

"ನಿಂಗೆ ಒಂದು ಹೊತ್ತು ತಪ್ಪಿದ್ರೇ ನಕ್ಷತ್ರ ಕಾಣುತ್ತೆ, ಸುಮ್ನಿರೋ!" ಎಂದು ಅಕ್ಕ ತಿವಿದಳು.

"ಬೆಟ್ಟ ಇಳಿಯುವಾಗ ಎಡವಿ ಹೆಬ್ಬೆರಳ ಉಗುರು ಕಿತ್ತುಬಂತು. ಕೈಯಿಂದ ಹಿಡಿದರು, ರಕ್ತ ನಿಂತಿತು ಅಂತ ಕಥೆ. ಅವರಿಂದ ಕಲಿತವರಲ್ಲಿ ಹಯಾಶಿ ಅಂತ ಒಬ್ಬರು, ನೌಕಾಪಡೆಯ ಡಾಕ್ಟರು. ಎಲ್ಲೆಲ್ಲಿ ಕೈಯಿಡಬೇಕು ಅಂತ ಬರೆದಿಟ್ಟರು. ಅವರ ಹತ್ರ ಕಾಯಿಲೆ ಹೊತ್ತು ಬಂದ ತಕಾತಾ ಅನ್ನೋ ಹೆಂಗಸು ತಾನೇ ಕಲಿತು ಹವಾಯಿ ದ್ವೀಪಕ್ಕೆ ಒಯ್ದಳು. ಅಲ್ಲಿಂದ ಎಲ್ಲ ಕಡೆ." ಅವಳು ಅವನ ಕಡೆ ತಿರುಗಿದಳು. "ಉಸುಯಿ ಹೇಳಿದ ನಿಯಮ ಐದು. ಮೊದಲನೇದು... ಇವತ್ತೊಂದು ದಿನ ಕೋಪ ಬೇಡ."

"ನಾಳೆ ಮಾಡ್ಕೋಬಹುದಾ?"

"ನಾಳೆ ಬಂದು ಕೇಳಿ, ಹೇಳ್ತೀನಿ!"

ಎಲ್ಲರೂ ನಕ್ಕರು. ಹಿಂದೆಲ್ಲ ಅವಳು ಕೊನೆಯಲ್ಲಿ ಇನ್ನೊಂದು ಮಾತು ಹೇಳುತ್ತಿದ್ದಳು: 'ಇದು ಸಮಾಧಾನಕ್ಕೆ. ಕಾಯಿಲೆಗೆ ಡಾಕ್ಟರನ್ನ ಬಿಡಬೇಡಿ.' ಅದನ್ನು ಹೇಳಿದರೆ ಬಂದವರ ನಂಬಿಕೆ ಅಲ್ಲಾಡುತ್ತದೆ ಎಂದು ಚಿಕ್ಕಮ್ಮ ನಿಲ್ಲಿಸಿದ್ದಳು.

ಅವತ್ತೂ ಅವಳು ಹೇಳಲಿಲ್ಲ.

ಅಕ್ಕ ಅವತ್ತೇ ದೀಕ್ಷೆ ತೆಗೆದುಕೊಂಡಳು. ಚಿಕ್ಕಮ್ಮ ಆಕೆಯ ತಲೆ ಸವರಿ ಹೇಳಿದಳು: "ಇನ್ನು ಇಪ್ಪತ್ತೊಂದು ದಿನ ಒಳಗಿನ ಕಸ ಹೊರಗೆ ಬರುತ್ತೆ. ನೋವು ಏರಬಹುದು, ಹಸಿವು ಹೋಗಬಹುದು. ಅದೆಲ್ಲ ಒಳ್ಳೇ ಲಕ್ಷಣ. ಹೆದರಿ ಅಲ್ಲಿ ಇಲ್ಲಿ ಓಡ್ಬೇಡ."

ಹೆದರಿದ ಮನುಷ್ಯನಿಗೆ ಒಂದು ಗಡುವು ಕೊಟ್ಟರೆ ಸಾಕು, ಕಾಯುತ್ತಾ ಕೂತುಬಿಡುತ್ತಾನೆ. ಅಕ್ಕ ಮನೆಗೆ ಹೋಗಿ ತನ್ನ ಡಬ್ಬಿಯಿಂದ ಇಪ್ಪತ್ತೊಂದು ಬಿಳಿ ಗುಂಡಿ ಆರಿಸಿ ಬಟ್ಟಲಲ್ಲಿ ಹಾಕಿ, ಹೊಲಿಗೆ ಮಿಷಿನ್ನಿನ ಪಕ್ಕ ಇಟ್ಟಳು. ದಿನಕ್ಕೊಂದು ತೆಗೆಯುವುದು.

*

ದಿನಾ ಮಧ್ಯಾಹ್ನ ಅವಳು ಅಕ್ಕನ ಮನೆಗೆ ಹೋಗಿ ಕೈಯಿಡುತ್ತಿದ್ದಳು. ಅಕ್ಕ ಅವಳನ್ನು 'ಬಿಸಿಗೈ' ಎಂದೇ ಕರೆಯುತ್ತಿದ್ದಳು.

ಮೂರನೇ ದಿನದಿಂದ ಅವನಿಗೂ ಮಧ್ಯಾಹ್ನದ ಊಟಕ್ಕೆ ಮನೆಯೇ ಬೇಕಾಯಿತು!

"ಹನ್ನೆರಡು ವರ್ಷದಿಂದ ಡಬ್ಬಿ ಒಯ್ತಿದ್ದೋನು," ಎಂದು ಅಕ್ಕ ದಿಂಬಿನ ಮೇಲಿಂದಲೇ ಕೂಗುತ್ತಿದ್ದಳು. "ಈಗ ಅನ್ನ ಆರಿದ್ರೆ ಗಂಟಲಲ್ಲಿ ಇಳಿಯಲ್ವಂತೆ. ಬಿಸಿ ಬೇಕಂತೆ, ಬಿಸಿ!"

ಅವಳ ಕಿವಿ ಕೆಂಪಾಗುತ್ತಿತ್ತು. ಅವನು ತಟ್ಟೆಗೆ ತಲೆ ಬಗ್ಗಿಸುತ್ತಿದ್ದ. ಹೊರಡುವಾಗ ಬೀದಿಯ ತಿರುವಿನ ತನಕ ಜೊತೆಗೆ ಬರುತ್ತಿದ್ದ. ಮಾತು ಕಡಿಮೆ. ರಸ್ತೆ ಮಾತ್ರ ದಿನೇದಿನೇ ಮೋಟಾಗುತ್ತಿತ್ತು. 'ಮೇಡಂ' ಹೋಗಿ 'ನೀನು' ಬಂದದ್ದು ಯಾವತ್ತೆಂದು ಇಬ್ಬರಿಗೂ ನೆನಪಿಲ್ಲ.

ಎಂಟನೇ ದಿನ.

ಅಕ್ಕನ ಬಲ ಕಂಕುಳ ಪಕ್ಕ ಕೈಯಿಟ್ಟಾಗ, ತೆಳ್ಳನೆ ಬಟ್ಟೆಯ ಕೆಳಗೆ ಏನೋ ತಡೆಯಿತು. ಗಟ್ಟಿ. ಕಡಲೆಕಾಳಿನಷ್ಟು. ಒತ್ತಿದರೂ ಅಲ್ಲಾಡಲಿಲ್ಲ.

ಇದು ಶಕ್ತಿಯೂ ಅಲ್ಲ, ಕಂಪನವೂ ಅಲ್ಲ. ಗಂಟು! ಬರೀ ಬೆರಳಿಗೆ ಸಿಕ್ಕ ಗಂಟು.

"ಯಾಕೆ ಪುಟ್ಟಾ ಕೈ ನಿಲ್ಲಿಸಿದೆ?" ಅಕ್ಕನ ದನಿಯಲ್ಲಿ ನಗುವಿರಲಿಲ್ಲ.

"ಏನಿಲ್ಲ ಅಕ್ಕ..."

ಓಡಿ ಹೋಗಿ ಚಿಕ್ಕಮ್ಮನಿಗೆ ಹೇಳಿದಳು.

"ಕಸ ಒಂದು ಕಡೆ ಸೇರಿದೆ ಕಣೇ, ಕರಗುತ್ತೆ. ರೋಗದ ಹೆಸರು ಹೇಳೋ ಹಕ್ಕು ನಮಗಿಲ್ಲ. ಬಾಯಿ ಮುಚ್ಕೊಂಡು ಇಪ್ಪತ್ತೊಂದು ದಿನ ಮುಗಿಸು."

'ಹೆಸರು ಹೇಳೋ ಹಕ್ಕಿಲ್ಲ ಸರಿ... ಡಾಕ್ಟರಿಗೆ ತೋರಿಸಿ ಅನ್ನೋದಕ್ಕೂ ಇಲ್ವಾ?' ಮಾತು ಗಂಟಲ ತನಕ ಬಂದು ಅಲ್ಲೇ ಕೂತಿತು.

ಗುಂಡಿಗಳು ಕಡಿಮೆಯಾದವು. ಅಕ್ಕನೂ ಕಡಿಮೆಯಾದಳು. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈ ತನಕ ಜಾರಿತು. ಪ್ರತಿ ನೋವಿಗೂ ಆಕೆ "ಕಸ ಹೋಗ್ತಿದೆ" ಅನ್ನುತ್ತಿದ್ದಳು. ಕೇಳಿದಾಗಲೆಲ್ಲ ಅವಳು ಬಟ್ಟಲಿನ ಗುಂಡಿ ಎಣಿಸುತ್ತಿದ್ದಳು.

ಹನ್ನೆರಡನೇ ದಿನ ಬೀದಿಯ ತಿರುವಿನಲ್ಲಿ ಅವನು ನಿಂತ.

"ನಾನು ಯಾರನ್ನೂ ನಂಬೋನಲ್ಲ. ನಿನ್ನ ಕೈ ನಂಬಿದೆ, ಆಮೇಲೆ ನಿನ್ನನ್ನೇ ನಂಬಿದೆ. ಅಕ್ಕ ಸರಿಹೋಗ್ತಾಳೆ ತಾನೆ? ನಿಜ ಹೇಳು."

ಅವನ ಕಣ್ಣಲ್ಲಿ ಪ್ರೀತಿಯಿತ್ತು. ಈಗ ನಿಜ ಹೇಳಿದರೆ... ಈ ಕಣ್ಣು ಮತ್ತೆ ಹೀಗೆ ನೋಡುತ್ತದೆಯೇ?

"ಇಪ್ಪತ್ತೊಂದು ದಿನ ಆಗಲಿ," ಎಂದಳು.

ಚಿಕ್ಕಮ್ಮನ ಮಾತು. ಅವಳದೇ ನಾಲಿಗೆ!

*

ಹದಿನೈದನೇ ದಿನ ಅಕ್ಕನ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಎದ್ದೇಳಲಿಲ್ಲ.

ಅವನು ಓಡಿಬಂದು ತೋಳಲ್ಲಿ ಎತ್ತಿಕೊಂಡ. ಬಟ್ಟಲಲ್ಲಿ ಆರು ಗುಂಡಿ ಉಳಿದಿದ್ದವು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಆಸ್ಪತ್ರೆಗೆ ನಡಿ! ಅಕ್ಕನ ಕಂಕುಳಲ್ಲಿ ಗಂಟಿದೆ. ಬೆಳೀತಾ ಇದೆ!"

ಅವನು ನಿಧಾನವಾಗಿ ತಿರುಗಿದ. "ಯಾವಾಗಿಂದ ಗೊತ್ತು?"

"ಏಳು ದಿನ..."

ಗುಡುಗು ಗುಡುಗಲಿಲ್ಲ. ಅದೇ ಅವಳಿಗೆ ಹೆಚ್ಚು ಭಯವಾದದ್ದು. ಅವನು ತೀರಾ ಮೆಲ್ಲಗೆ ಮಾತಾಡಿದ.

"ಹಯಾಶಿ ಡಾಕ್ಟರು ಅಂತ ಕಥೆ ಹೇಳಿದೆ. ಡಾಕ್ಟರ ಹತ್ರ ಹೋಗಿ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ಹನ್ನೆರಡನೇ ದಿನ ನಿನ್ನನ್ನ ಕೇಳಿದೆನಲ್ಲ, ಕಾಲು ಹಿಡಿಯೋದೊಂದು ಬಾಕಿ! ಸದ್ದು ಕೇಳಿಯೂ ಸುಮ್ನಿದ್ದೆ ನೀನು."

"ತಪ್ಪಾಯ್ತು..."

"ನನ್ನ ಕಣ್ಣಿಗೆ ಬೀಳ್ಬೇಡ."

ಬಾಗಿಲು ಬಡಿಯಿತು. ಕೋಣೆಯಲ್ಲಿ ಅವಳು, ಅರ್ಧ ಹೊಲಿದ ಅಂಗಿ, ಆರು ಗುಂಡಿ.

*

ಮುಂದಿನ ಭಾನುವಾರ ಕೇಂದ್ರ ತುಂಬಿತ್ತು. ಅವಳು ರೇ ಹೇಳಿದಳು, ಕಿ ಹೇಳಿದಳು, ಬೆಟ್ಟ, ಕಲ್ಲು, ಬೆಳಕು, ಎಲ್ಲ ಹೇಳಿದಳು. ಕೊನೆಗೆ ಎದ್ದು ನಿಂತಳು.

"ಒಂದು ಮಾತನ್ನ ತುಂಬಾ ದಿನದಿಂದ ನುಂಗಿದ್ದೀನಿ. ಕೈಯಿಟ್ಟರೆ ಸಮಾಧಾನ ಸಿಗಬಹುದು. ಗಂಟು ಕರಗಲ್ಲ. ಮೈಯಲ್ಲಿ ಏನಾದ್ರೂ ಕಂಡಿದ್ರೆ ಇಲ್ಲಿಂದ ಎದ್ದು ಮೊದಲು ಡಾಕ್ಟರ ಹತ್ರ ಹೋಗಿ."

"ಏನೇ ಇದು?" ಚಿಕ್ಕಮ್ಮ ಧಡಕ್ಕನೆ ಎದ್ದಳು. "ಸಾಕಿದ್ದಕ್ಕೆ ಇದಾ?"

"ಸಾಕಿದ ಋಣ ಹಾಗೇ ಇದೆ ಚಿಕ್ಕಮ್ಮ. ಆದ್ರೆ ಅದಕ್ಕೆ ಇನ್ನೊಬ್ಬರ ಅಕ್ಕನನ್ನ ಕೊಡೋಕಾಗಲ್ಲ."

ಬಿಳಿ ಕೋಟು ಕಳಚಿ ಕುರ್ಚಿಯ ಮೇಲಿಟ್ಟು ಹೊರಬಂದಳು. ಲಿಫ್ಟು ಕಾದು ನಿಂತಿತ್ತು. ಅವಳು ಮೆಟ್ಟಿಲಿಳಿದಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಆಸ್ಪತ್ರೆಯ ಕೆಳ ಮಹಡಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಮೇಲೆ ಹೋಗುವ ಧೈರ್ಯವಿಲ್ಲ, ಮನೆಗೆ ಹೋಗುವ ಮನಸ್ಸಿಲ್ಲ. ಅವನು ದಿನಾ ನೋಡುತ್ತಿದ್ದ. ದಿನಾ ಮುಖ ತಿರುಗಿಸಿ ಹೋಗುತ್ತಿದ್ದ.

ಆಪರೇಷನ್ನಿನ ಬೆಳಿಗ್ಗೆ ಅಕ್ಕ ತಮ್ಮನ ಕೈ ಹಿಡಿದುಕೊಂಡಳು.

"ಲೋ, ಆ ಹುಡುಗಿ ಇನ್ನೂ ಕೆಳಗೇ ಕೂತಿದ್ದಾಳಂತೆ. ನರ್ಸಮ್ಮ ಹೇಳಿದ್ರು."

"ಕೂತ್ಕೊಳ್ಳಲಿ."

"ಅವಳಿಗೆ ಏಳು ದಿನದಿಂದ ಗೊತ್ತಿತ್ತು. ನಂಗೆ ಎಂಟು ತಿಂಗಳಿಂದ ಗೊತ್ತಿತ್ತು ಕಣೋ."

ಅವನು ಮಂಚದ ಕಂಬಿ ಹಿಡಿದುಕೊಂಡ.

"ಸ್ನಾನ ಮಾಡುವಾಗ ಸಿಕ್ಕಿತ್ತು. ಹೆದರಿದೆ. ಡಾಕ್ಟರು ಹೆಸರು ಹೇಳಿಬಿಡ್ತಾರೆ ಅಂತ. ನಾನು ಹೋದ್ರೆ ನೀನು ಒಬ್ಬನೇ ಅಂತ... ಯಾರಾದ್ರೂ ಏನಿಲ್ಲ ಅಂತ ಹೇಳಲಿ ಅಂತಲೇ ಅಲ್ಲಿಗೆ ಹೋದೆ. ನಿನ್ನ ಲಿಫ್ಟಿನ ಕಥೆ ಹಾಗೇ, ಸದ್ದು ಎಲ್ಲರಿಗೂ ಕೇಳಿಸ್ತು. ಬಾಯಿ ಬಿಟ್ಟೋಳು ಅವಳೊಬ್ಬಳೇ, ತಡವಾಗಿ ಬಿಟ್ಟಳು ಅಷ್ಟೇ."

ಗಾಲಿ ಮಂಚ ಒಳಗೆ ಹೋಯಿತು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ಅವನು ಮೆಟ್ಟಿಲಿಳಿದು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅಕ್ಕನಿಗೂ ಗೊತ್ತಿತ್ತಂತೆ," ಎಂದ.

"ಇರಬಹುದು. ಅದರಿಂದ ನನ್ನ ತಪ್ಪು ಚಿಕ್ಕದಾಗಲ್ಲ."

ಅವಳನ್ನು ಬಿಟ್ಟುಹೋದ ಮೇಲೆ ಮೊದಲ ಬಾರಿ ಅವನು ಅವಳ ಮುಖ ನೇರವಾಗಿ ನೋಡಿದ. ಜೇಬಿನಿಂದ ಆರು ಗುಂಡಿ ತೆಗೆದು ಅಂಗೈಯಲ್ಲಿ ಹರವಿದ.

"ಇವನ್ನ ಏನು ಮಾಡ್ಲಿ? ಎಸೆಯೋಕೆ ಕೈ ಬರ್ತಿಲ್ಲ."

"ಅಕ್ಕನ ಡಬ್ಬಿಗೆ ವಾಪಸ್ ಹಾಕು. ಆ ಅಂಗಿ ಇನ್ನೂ ಅರ್ಧದಲ್ಲಿದೆ."

ಅವನು ಗುಂಡಿಗಳ ಮೇಲೆ ಮುಷ್ಟಿ ಮುಚ್ಚಿಕೊಂಡ. "ಡಾಕ್ಟರು ಏನೂ ಹೇಳಕ್ಕಾಗಲ್ಲ ಅಂದಿದ್ದಾರೆ."

"ಗೊತ್ತು. ನರ್ಸಮ್ಮನ ಹತ್ರ ಕೇಳಿ ತಿಳ್ಕೊಂಡೆ."

"ನಂಗೆ ಇವತ್ತೂ ಕೋಪ ಇದೆ."

"ಇರಲಿ."

"ನಾಳೆನೂ ಇರುತ್ತೆ."

"ಇರಲಿ. ನಾಳೆ ನಾನೂ ಇರ್ತೀನಿ."

"ಕಣ್ಣಿಗೆ ಬೀಳ್ಬೇಡ ಅಂದೆ. ನೀನು ಬೀಳದಿದ್ದ ಆ ಮೊದಲ ವಾರ ಎಲ್ಲಿ ಹೋದ್ಳು ಅಂತ ಹುಡುಕ್ತಿದ್ದೆ... ಇದೆಂಥ ಪ್ರೀತಿನೋ!"

ಅವಳಿಗೆ ಅಳು ಒತ್ತರಿಸಿ ಬಂತು. ಅವನು ಅವಳ ಕೈ ಹಿಡಿದು ಬೆಚ್ಚಿಬಿದ್ದ.

"ಏನಿದು... ಐಸ್ ಆಗಿದೆ!"

"ಹೆದರಿಕೆಗೆ."

ಅವನು ಅವಳ ಎರಡೂ ಕೈಗಳನ್ನು ತನ್ನ ಒರಟು ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದ. ಗುಂಡಿಗಳು ನಡುವೆಯೇ ಸಿಕ್ಕಿಕೊಂಡವು.

"ಈ ವಿದ್ಯೆ ಎಲ್ಲಿ ಕಲಿತೆ?"

"ಚಿಕ್ಕವನಿದ್ದಾಗ ಚಳಿಗೆ ಅಕ್ಕ ಹೀಗೇ ಮಾಡ್ತಿದ್ಳು. ಯಾವ ಬೆಟ್ಟನೂ ಹತ್ತಿರ್ಲಿಲ್ಲ ಅವಳು."

ಮೇಲೆ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು.

"ಮೇಲೆ ಬರ್ತೀಯಾ? ಅಕ್ಕ ಕಣ್ಣು ಬಿಟ್ಟ ತಕ್ಷಣ ಬಿಸಿಗೈ ಎಲ್ಲಿ ಅಂತ ಕೇಳ್ತಾಳೆ."

"ತಣ್ಣಗಿದೆಯಲ್ಲ..."

"ಮೆಟ್ಟಿಲು ಹತ್ತೋ ಅಷ್ಟರಲ್ಲಿ ಬಿಸಿ ಆಗುತ್ತೆ. ಬಿಡಲ್ಲ ನಾನು, ಬಾ."